ಹಾಡುವಾಗಲೇ ರಿವರ್ಬ್ ಹಾಕಿ ರೆಕಾರ್ಡ್ ಮಾಡಬೇಕಾ, ಆಮೇಲೆ ಹಾಕಬೇಕಾ?

ಮೂಲೆಕೋಣೆ:
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಸಣ್ಣ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಲು ಶುರು ಮಾಡಿ ಆರು ತಿಂಗಳಾಯಿತು. ಒಂದು ಕಂಡೆನ್ಸರ್ ಮೈಕ್, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್, ಲ್ಯಾಪ್‌ಟಾಪ್‌ನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಇಷ್ಟೇ ನನ್ನ ಸಾಮಾನು.

ಹೆಡ್‌ಫೋನ್‌ನಲ್ಲಿ ನನ್ನ ದನಿ ಒಣಒಣವಾಗಿ ಕೇಳಿದರೆ ನನಗೆ ಹಾಡಲು ಆಗುವುದೇ ಇಲ್ಲ. ಬಟ್ಟೆ ಬೀರುವಿನೊಳಗೆ ತಲೆ ತೂರಿಸಿಕೊಂಡು ಹಾಡಿದ ಹಾಗಿರುತ್ತದೆ. ಹಾಗಾಗಿ ಹೋದ ವಾರ ಗೆಳೆಯನ ಹತ್ತಿರ ರಿವರ್ಬ್ (ದೊಡ್ಡ ಹಾಲಿನಲ್ಲಿ ಹಾಡಿದ ಹಾಗೆ ದನಿ ಅನುರಣಿಸುವಂತೆ ಮಾಡುವ ಎಫೆಕ್ಟ್) ಇರುವ ಸಣ್ಣ ಮಿಕ್ಸರ್ ಇಸಕೊಂಡು ಬಂದು, ಮೈಕ್ ಅದಕ್ಕೆ ಹಾಕಿ, ಅದರಿಂದ ಇಂಟರ್‌ಫೇಸಿಗೆ ಕೊಟ್ಟು ಹಾಡಿದೆ. ಎಷ್ಟು ಚೆನ್ನಾಗಿ ಬಂತು ಅಂದರೆ ಎರಡನೇ ಟೇಕಿಗೇ ಮುಗಿಸಿ ಎದ್ದೆ. ಮಾರನೆಯ ದಿನ ಕೇಳಿದರೆ ಚರಣದಲ್ಲಿ ಒಂದೇ ಒಂದು ಪದ ಶ್ರುತಿ ಬಿಟ್ಟಿದೆ. ಆ ಪದ ಮಾತ್ರ ಮತ್ತೆ ಹಾಡಿ ಕೂರಿಸೋಣ ಅಂದರೆ ಹಿಂದಿನ ಪದದ ರಿವರ್ಬ್ ಬಾಲ ಅಲ್ಲೇ ಟಪ್ ಅಂತ ಕತ್ತರಿಸಿ ಹೋಗುತ್ತದೆ, ಹೊಸ ಪದ ಬಾಲವಿಲ್ಲದ ಬಿಸಿಲಲ್ಲಿ ನಿಂತ ಹಾಗೆ ಕಾಣುತ್ತದೆ. ಎರಡು ಗಂಟೆ ಕ್ರಾಸ್‌ಫೇಡ್ (ಎರಡು ತುಣುಕುಗಳ ಅಂಚು ಬೆರೆಸುವುದು) ಎಳೆದಾಡಿ ಕೊನೆಗೆ ಪೂರ್ತಿ ಚರಣ ಬಿಸಾಕಿದೆ.

ಮಿಕ್ಸರ್ ವಾಪಸ್ ಕೊಟ್ಟಾಯಿತು. ಈಗ ರೀಪರ್‌ನಲ್ಲೇ ಟ್ರ್ಯಾಕ್ ಮೇಲೆ ರಿವರ್ಬ್ ಹಾಕಿ ಹಾಡಲು ಹೋದರೆ ನನ್ನ ದನಿ ತಡವಾಗಿ ಬರುತ್ತದೆ, ಯಾರೋ ಹಿಂದೆ ನಿಂತು ಅಣಕಿಸಿದ ಹಾಗೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು) 1024 ಇದೆ. 128ಕ್ಕೆ ಇಳಿಸಿದರೆ ಚಿಟಿಚಿಟಿ ಶಬ್ದ. ಎಫೆಕ್ಟ್ ಜೊತೆಗೇ ರೆಕಾರ್ಡ್ ಮಾಡುವುದು ತಪ್ಪಾ? ತಪ್ಪಾದರೆ, ತಡವಾಗದೆ ಕೇಳಿಸಿಕೊಳ್ಳುವುದು ಹೇಗೆ?

ತಂತಿಗಂಟು:
ಕಿವಿಗೆ ಕೇಳುವುದು ಬೇರೆ, ಫೈಲಿಗೆ ಹೋಗುವುದು ಬೇರೆ. ಮೊದಲು ಇದನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ನಿಮ್ಮ ಮಿಕ್ಸರ್‌ನಲ್ಲಿ ಎರಡೂ ಒಂದೇ ತಂತಿಯಲ್ಲಿ ಹೋದವು, ಅದಕ್ಕೇ ಸಿಕ್ಕಿಬಿದ್ದಿರಿ. ರೀಪರ್‌ನಲ್ಲಿ ಟ್ರ್ಯಾಕಿನ ಎಫ್‌ಎಕ್ಸ್ ಬಟನ್ ಒತ್ತಿ ಹಾಕಿದ ಪ್ಲಗಿನ್ (ಎಫೆಕ್ಟ್ ಕೊಡುವ ಸಣ್ಣ ಸಾಫ್ಟ್‌ವೇರ್) ಬರೀ ಕೇಳುವುದಕ್ಕೆ, ಫೈಲ್ ಡ್ರೈ ಆಗಿಯೇ, ಅಂದರೆ ಎಫೆಕ್ಟ್ ಇಲ್ಲದೆ, ಉಳಿಯುತ್ತದೆ. ಇನ್‌ಪುಟ್ ಎಫ್‌ಎಕ್ಸ್ ಅಂತ ಇನ್ನೊಂದು ಜಾಗ ಇದೆ. ಅಲ್ಲಿ ಹಾಕಿದರೆ ಮಾತ್ರ ಫೈಲಿನೊಳಗೇ ಸೇರಿಹೋಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ರೆಕಾರ್ಡ್ ಮೋಡ್ "ಔಟ್‌ಪುಟ್" ಅಂತ ಇದ್ದರೂ ಅದೇ ಕಥೆ, ಅದು "ಇನ್‌ಪುಟ್" ಇರಬೇಕು.

ಇನ್ನು ತಡ. ಲೆಕ್ಕ ಸುಲಭ. ಬಫರನ್ನು ಸ್ಯಾಂಪಲ್ ರೇಟಿನಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವುದು) ಭಾಗಿಸಿ. 1024 ಸ್ಯಾಂಪಲ್, 48,000 ರೇಟ್ ಆದರೆ 21 ಮಿಲಿಸೆಕೆಂಡ್. ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಒಮ್ಮೆ, ಅಲ್ಲಿಗೆ 43 ಆಯಿತು. ಡ್ರೈವರ್, ಕನ್ವರ್ಟರ್ (ದನಿಯನ್ನು ಅಂಕಿಗಳಾಗಿಸುವ ಭಾಗ) ತಿನ್ನುವುದು ಬೇರೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ನೀವು ಹದಿನಾಲ್ಕು ಮೀಟರ್ ಆಚೆ ಇಟ್ಟ ಸ್ಪೀಕರ್‌ನಲ್ಲಿ ನಿಮ್ಮದೇ ದನಿ ಕೇಳಿಕೊಂಡು ಹಾಡುತ್ತಿದ್ದೀರಿ. ಅದೇ 128 ಆದರೆ ಎರಡೂ ಕಡೆ ಸೇರಿ ಐದು ಚಿಲ್ಲರೆ. ಕೀಬೋರ್ಡ್ ನುಡಿಸುವವರು 10 ಮಿಲಿಸೆಕೆಂಡ್ ಸಹಿಸಿಕೊಳ್ಳುತ್ತಾರೆ. ಹಾಡುವವರಿಗೆ ಕಷ್ಟ, ಏಕೆಂದರೆ ನಿಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕ ಒಂಚೂರೂ ತಡವಿಲ್ಲದೆ ಕಿವಿಗೆ ಬರುತ್ತಲೇ ಇರುತ್ತದೆ. ಅದಕ್ಕೆ ಹೆಡ್‌ಫೋನಿನ ತಡವಾದ ದನಿ ಬೆರೆತರೆ ಕೆಲವು ಫ್ರೀಕ್ವೆನ್ಸಿ ಕರಗಿಹೋಗಿ ದನಿ ತೆಳ್ಳಗೆ ಕೇಳುತ್ತದೆ.

128ರಲ್ಲಿ ಚಿಟಿಚಿಟಿ ಬರುವುದು ಹಿನ್ನೆಲೆ ಟ್ರ್ಯಾಕ್‌ಗಳ ಭಾರಕ್ಕೆ. ಎಷ್ಟು ಟ್ರ್ಯಾಕ್ ಇವೆ? ಎಲ್ಲವನ್ನೂ ಒಂದು ಸ್ಟೀರಿಯೋ ಫೈಲ್ ಮಾಡಿ, ಹೊಸ ಪ್ರಾಜೆಕ್ಟಿನಲ್ಲಿ ಅದೊಂದನ್ನೇ ಇಟ್ಟುಕೊಂಡು ಹಾಡಿ. ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರಿ ಹೊರಗೆ ಹೋಗುವ ಜಾಗ) ಮೇಲೆ ಲಿಮಿಟರ್, ಲೀನಿಯರ್ ಫೇಸ್ ಇಕ್ಯೂ ಏನಾದರೂ ಇದ್ದರೆ ಆಫ್ ಮಾಡಿ. ಅವು ಮುಂದೇನು ಬರುತ್ತದೆ ಅಂತ ನೋಡಿ ಕೆಲಸ ಮಾಡುವಂಥವು, ಬಫರ್ ಎಷ್ಟೇ ಇಳಿಸಿದರೂ ತಮ್ಮ ಪಾಲಿನ ತಡ ಸೇರಿಸುತ್ತವೆ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯ ಆಸಿಯೋ ಡ್ರೈವರನ್ನೇ (ತಡ ಕಡಿಮೆ ಮಾಡುವಂಥದ್ದು) ಹಾಕಿ.

ಕೆಂಪುದೀಪ:
ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲವನ್ನೂ ಡ್ರೈ ಇಟ್ಟುಕೊಂಡು "ಆಮೇಲೆ ನೋಡೋಣ" ಅಂದವರ ಹಾಡು ಮುಗಿದದ್ದು ನಾನು ನೋಡಿಲ್ಲ, ನನ್ನದೂ ಸೇರಿ. ಮೈಕ್ ಪ್ರೀಆಂಪ್ ಆದ ಮೇಲೆ ಒಂದು ಹಾರ್ಡ್‌ವೇರ್ ಕಂಪ್ರೆಸರ್ (ಜೋರಾದ ದನಿಯನ್ನು ಅದುಮುವ ಪೆಟ್ಟಿಗೆ) ಇಟ್ಟು, ರೇಷಿಯೋ 3:1, ಜೋರಾದ ಜಾಗದಲ್ಲಿ ಮೂರು ಡಿಬಿ ಅದುಮುವಷ್ಟು, ಹಾಗೇ ಫೈಲಿಗೆ ಕಳಿಸುತ್ತೇನೆ. ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. 80 ಹರ್ಟ್ಸ್ ಕೆಳಗೆ ಕತ್ತರಿಸುವುದೂ ಅಷ್ಟೇ, ಅಲ್ಲಿ ನಿಮ್ಮ ದನಿ ಇಲ್ಲ, ಫ್ಯಾನು ಮತ್ತು ಕಾಲು ಸಪ್ಪಳ ಇದೆ. ಡಿಸ್ಟಾರ್ಷನ್ ಹಾಕಿ ಕಿರುಚುವ ಹಾಡಾದರೆ ಅದನ್ನು ಕೇಳುತ್ತಲೇ ಕಿರುಚಬೇಕು, ಇಲ್ಲದಿದ್ದರೆ ಆ ರೋಷ ಬರಲ್ಲ.

ರಿವರ್ಬ್ ಮಾತ್ರ ನಾನೂ ಫೈಲಿಗೆ ಹಾಕುವುದಿಲ್ಲ. ಅದು ಅನ್ನಕ್ಕೆ ಬಿದ್ದ ಉಪ್ಪು.

ತಂತಿಗಂಟು:
ಹಾರ್ಡ್‌ವೇರ್ ಇರುವವರ ಮಾತು ಬೇರೆ ಗುರುಗಳೇ. ಇದನ್ನು ಓದಿ ಯಾರಾದರೂ ಇನ್‌ಪುಟ್ ಎಫ್‌ಎಕ್ಸ್‌ನಲ್ಲಿ ಕಂಪ್ರೆಸರ್ ಪ್ಲಗಿನ್ ಹಾಕಿ "ಇನ್ನು ಕ್ಲಿಪ್ ಆಗಲ್ಲ, ದನಿ ಒಡೆಯಲ್ಲ" ಅಂದುಕೊಂಡರೆ ಕೆಟ್ಟರು. ಪ್ಲಗಿನ್ ಇರುವುದು ಕನ್ವರ್ಟರ್ ಆದ ಮೇಲೆ. ದನಿ ಅಲ್ಲಿಗೆ ಬರುವ ಹೊತ್ತಿಗೆ ಒಡೆದಿದ್ದರೆ ಪ್ಲಗಿನ್ ಒಡೆದ ದನಿಯನ್ನೇ ನೀಟಾಗಿ ಅದುಮಿ ಕೊಡುತ್ತದೆ. ಗೇನ್ ಇಳಿಸುವುದೊಂದೇ ದಾರಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಿನ ಜಾಗ ಮೈನಸ್ 10, ಮೈನಸ್ 12 ಡಿಬಿಗೆ ಮುಟ್ಟಿದರೆ ಸಾಕು. ಕೆಂಪು ಮುಟ್ಟಿಸುವ ಹಟ ಬೇಡ.

ಕಿವಿಮಾತು:
ಬಫರ್ ಇಳಿಸಲು ಆಗದ ಹಳೆ ಲ್ಯಾಪ್‌ಟಾಪ್ ನನ್ನದೂ. ನಾನು ಮಾಡುವುದು ಹೀಗೆ, ನಿಮಗೂ ಕೆಲಸಕ್ಕೆ ಬರಬಹುದು.

ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಬಟನ್ ಇರುತ್ತಲ್ಲ, ಅದನ್ನು ಆನ್ ಮಾಡಿ. ಈಗ ನಿಮ್ಮ ಡ್ರೈ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ, ತಡ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ರೀಪರ್‌ನಲ್ಲಿ ಒಂದು ಖಾಲಿ ಟ್ರ್ಯಾಕ್ ಮಾಡಿ ರಿವರ್ಬ್ ಹಾಕಿ, ದನಿಯ ಟ್ರ್ಯಾಕಿನಿಂದ ಅದಕ್ಕೆ ಒಂದು ಸೆಂಡ್ (ದನಿಯ ನಕಲು ಕಳಿಸುವ ದಾರಿ) ಕೊಡಿ. ದನಿಯ ಟ್ರ್ಯಾಕಿನ ಮಾಸ್ಟರ್ ಸೆಂಡ್, ಅಂದರೆ ಅದು ನೇರ ಮಾಸ್ಟರಿಗೆ ಹೋಗುವ ದಾರಿ, ತೆಗೆದುಬಿಡಿ. ರೆಕಾರ್ಡ್ ಆರ್ಮ್ ಮಾಡಿ ಮಾನಿಟರಿಂಗ್ ಆನ್ ಮಾಡಿ. ಈಗ ಕಂಪ್ಯೂಟರಿನಿಂದ ಬರೀ ರಿವರ್ಬ್ ಬರುತ್ತದೆ, ಡ್ರೈ ದನಿ ಇಂಟರ್‌ಫೇಸಿನಿಂದ ಬರುತ್ತದೆ, ಎರಡೂ ಕಿವಿಯಲ್ಲಿ ಸೇರುತ್ತವೆ. ಬಫರ್ 512 ಇದ್ದರೂ ರಿವರ್ಬ್ ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡ್ ತಡವಾಗುತ್ತದೆ, ಆದರೆ ರಿವರ್ಬ್ ತಡವಾಗಿ ಬಂದರೆ ತೊಂದರೆ ಏನು? ದೊಡ್ಡ ಹಾಲಿನಲ್ಲಿ ಗೋಡೆಗೆ ಬಡಿದು ವಾಪಸ್ ಬರುವ ದನಿಯೂ ತಡವಾಗಿಯೇ ಬರುತ್ತದೆ. ಜನ ಪ್ರೀಡಿಲೇ ಅಂತ ಬೇಕಂತಲೇ ಹಾಕುವುದನ್ನು ನಿಮ್ಮ ಬಫರ್ ಪುಕ್ಕಟೆ ಕೊಡುತ್ತಿದೆ.

ಟೇಕ್ ಮುಗಿಸಿ ಪ್ಲೇ ಒತ್ತಿದಾಗ ಬರೀ ರಿವರ್ಬ್ ಕೇಳಿ ಹಾಡೇ ಹೋಯಿತು ಅಂತ ಗಾಬರಿಯಾಗಬೇಡಿ. ಮಾಸ್ಟರ್ ಸೆಂಡ್ ಮತ್ತೆ ಆನ್ ಮಾಡಿ, ದನಿ ಅಲ್ಲೇ ಇರುತ್ತದೆ. ನಾನು ಮೊದಲ ಸಲ ಮೂರು ಟೇಕ್ ಡಿಲೀಟ್ ಮಾಡಿದ ಮೇಲೆ ಇದು ಹೊಳೆಯಿತು.

ಹೊಸಬ_ನಾನು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆಡಾಸಿಟಿಯಲ್ಲೂ ಇದು ಆಗುತ್ತಾ?

ಕಿವಿಮಾತು:
ಆಗಲ್ಲ. 2022ರಲ್ಲಿ ಬಂದ 3.2ರಿಂದ ಆಡಾಸಿಟಿಯಲ್ಲಿ ರಿಯಲ್ ಟೈಮ್ ಎಫೆಕ್ಟ್ ಇವೆ, ಆದರೆ ಅವು ಪ್ಲೇ ಮಾಡುವಾಗ ಮಾತ್ರ. ಹಾಡುತ್ತಿರುವಾಗ ಕೇಳಿಸಿಕೊಳ್ಳಲು ಬೇರೆ ಸಾಫ್ಟ್‌ವೇರ್ ಬೇಕು.

ಮೂಲೆಕೋಣೆ:
ಕಿವಿಮಾತು ಹೇಳಿದ ಹಾಗೆ ನಿನ್ನೆ ರಾತ್ರಿ ಮಾಡಿದೆ. ಅರ್ಧ ಗೆದ್ದೆ. ರಿವರ್ಬ್ ಬರುತ್ತಿದೆ, ಆದರೆ ನನ್ನ ದನಿ ತಗಡಿನ ಕೊಳವೆಯೊಳಗಿಂದ ಬಂದ ಹಾಗಿದೆ. ಅದೂ ಸಾಲದು ಅಂತ ನೇರ ದನಿ ಎಡ ಕಿವಿಯಲ್ಲಿ ಮಾತ್ರ. ಮಾಸ್ಟರ್ ಸೆಂಡ್ ಆಫ್ ಇದೆ, ಮೂರು ಸಲ ನೋಡಿದೆ. ರಿವರ್ಬ್‌ಗೆ ಹಾಕಿದ್ದು ರೀಪರ್ ಜೊತೆ ಬರುವ ರಿಯಾವರ್ಬೇಟ್.

ಕಿವಿಮಾತು:
ಕೊಳವೆ ದನಿ ಅಂದರೆ ಡ್ರೈ ದನಿ ಎರಡು ದಾರಿಯಲ್ಲಿ ಬರುತ್ತಿದೆ ಅಂತಲೇ ಅರ್ಥ. ಪ್ಲಗಿನ್ ತೆರೆದು ನೋಡಿ, ವೆಟ್ (ಬರೀ ರಿವರ್ಬ್) ಪಕ್ಕದಲ್ಲಿ ಡ್ರೈ ಅಂತ ಇನ್ನೊಂದು ಸ್ಲೈಡರ್ ಇದೆ. ಅದನ್ನು ಪೂರ್ತಿ ತಳಕ್ಕೆ ಎಳೆಯಿರಿ. ಎಡ ಕಿವಿಯದು ಬೇರೆ ವಿಷಯ, ಮೈಕ್ ಇನ್‌ಪುಟ್ 1ರಲ್ಲಿದೆ, ಡೈರೆಕ್ಟ್ ಮಾನಿಟರ್ ಸ್ಟೀರಿಯೋದಲ್ಲಿದೆ. ಮೋನೋ ಅಂತ ಸ್ವಿಚ್ ಇದ್ದರೆ ಒತ್ತಿ.

ಆಲಾಪ:
ನಾನು ಹಾಡುವವಳು, ತಂತಿಗಳ ವಿಷಯ ಹೆಚ್ಚು ಗೊತ್ತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಹೆಡ್‌ಫೋನ್‌ನಲ್ಲಿ ರಿವರ್ಬ್ ಜಾಸ್ತಿ ಇಟ್ಟರೆ ಎಲ್ಲವೂ ಚೆಂದ ಕೇಳುತ್ತದೆ, ಅದೇ ಅಪಾಯ. ಸ್ವರ ಒಂಚೂರು ಕೆಳಗೆ ಜಾರಿದರೂ ಗೊತ್ತಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಉಸಿರು ಬಿಟ್ಟುಬಿಡುತ್ತೀರಿ, ಬಾಲವನ್ನು ರಿವರ್ಬ್ ಎಳೆಯುತ್ತದಲ್ಲ ಅಂತ. ಆಮೇಲೆ ಡ್ರೈ ಫೈಲ್ ಕೇಳಿದರೆ ಪ್ರತಿ ಸಾಲೂ ಕೊನೆಯಲ್ಲಿ ಕುಂಟುತ್ತಿರುತ್ತದೆ. ನಾನು ಹೆಡ್‌ಫೋನಿನ ಒಂದು ಕಡೆಯನ್ನು ಅರ್ಧ ಸರಿಸಿ ಹಾಡುತ್ತೇನೆ, ಕೋಣೆಯ ದನಿ ಸ್ವಲ್ಪ ಕೇಳಿದರೆ ಶ್ರುತಿ ನಿಲ್ಲುತ್ತದೆ. ಸರಿಸಿದ ಕಡೆಗೆ ಶಬ್ದ ಕೊಡಬೇಡಿ, ತಾಳದ ಕ್ಲಿಕ್ ಎಲ್ಲ ಮೈಕಿಗೆ ಸೋರುತ್ತದೆ.

ಇನ್ನೊಂದು. ನಿಮ್ಮ ದನಿಯನ್ನು ಕಿವಿಗೆ ತುಂಬಾ ಜೋರಾಗಿ ಕೊಟ್ಟುಕೊಂಡರೆ ಹೆದರಿ ಹೆದರಿ ಹಾಡುತ್ತೀರಿ. ಕಡಿಮೆ ಕೊಟ್ಟರೆ ಕಿರುಚುತ್ತೀರಿ. ಎಫೆಕ್ಟಿಗಿಂತ ಮುಂಚೆ ಇದನ್ನು ಸರಿ ಮಾಡಿಕೊಳ್ಳಿ. ಟ್ಯೂನ್ ಮಾಡುವ ಪ್ಲಗಿನ್ ಕೇಳುತ್ತಾ ಹಾಡುವುದಂತೂ ನನಗೆ ಆಗಿಬರಲಿಲ್ಲ. ನಾನು ಗಮಕ ಎಳೆದರೆ ಅದು ಹಿಡಿದು ಮೆಟ್ಟಿಲು ಮಾಡುತ್ತದೆ, ಅದರ ಜೊತೆ ಜಗಳಾಡುವುದರಲ್ಲೇ ಟೇಕ್ ಮುಗಿದುಹೋಗುತ್ತದೆ.

ಕೆಂಪುದೀಪ:
ರೋಬೋ ದನಿಯೇ ಬೇಕು ಅನ್ನುವ ಹಾಡಾದರೆ ಅದನ್ನು ಕೇಳುತ್ತಲೇ ಹಾಡಬೇಕು ಆಲಾಪ ಅವರೇ. ಆ ಮೆಟ್ಟಿಲಿನ ಮೇಲೆ ಬೇಕಂತಲೇ ಜಾರಿ ಆಡಬೇಕು. ಆದರೆ ಲೋ ಲೇಟೆನ್ಸಿ (ಕಡಿಮೆ ತಡದ) ಮೋಡ್ ಹಾಕಿ, ಫೈಲ್ ಡ್ರೈ ಇಟ್ಟುಕೊಂಡು. ನೋಡಿ, ನಾನೇ ಡ್ರೈ ಅಂದೆ.

ಮೂಲೆಕೋಣೆ:
ಡ್ರೈ ಸ್ಲೈಡರ್ರೇ ಕಳ್ಳ! ಎಳೆದ ತಕ್ಷಣ ಕೊಳವೆ ಮಾಯ. ಮೋನೋ ಸ್ವಿಚ್ ಹಿಂಭಾಗದಲ್ಲಿತ್ತು, ಆರು ತಿಂಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಇವತ್ತು ಪೂರ್ತಿ ಹಾಡು ಹಾಡಿದೆ, ಬಫರ್ 512ರಲ್ಲೇ. ಚರಣದಲ್ಲಿ ಅದೇ ಪದ ಮತ್ತೆ ಶ್ರುತಿ ಬಿಟ್ಟಿತು, ನನ್ನ ಹಣೆಬರಹ. ಆದರೆ ಈ ಸಲ ಆ ಪದವನ್ನಷ್ಟೇ ಹಾಡಿ ಕೂರಿಸಿದೆ, ರಿವರ್ಬ್ ಆಮೇಲೆ ಎರಡರ ಮೇಲೂ ಒಂದೇ ಸಮ ಹರಿಯಿತು, ಹೊಲಿಗೆ ಎಲ್ಲಿದೆ ಅಂತ ನನಗೇ ಕಾಣುತ್ತಿಲ್ಲ.

ಆಲಾಪ ಅವರು ಹೇಳಿದ ಸಾಲಿನ ಕೊನೆಯ ಕುಂಟು ಮಾತ್ರ ಹಾಗೇ ಇದೆ. ನಾಲ್ಕು ಕಡೆ ಎಣಿಸಿದೆ. ನಾಳೆ ರಿವರ್ಬ್ ಅರ್ಧಕ್ಕೆ ಇಳಿಸಿ ಮತ್ತೆ ಹಾಡುತ್ತೇನೆ. ಡ್ರೈ ಫೈಲ್‌ನಲ್ಲಿ ಲ್ಯಾಪ್‌ಟಾಪ್ ಫ್ಯಾನಿನ ಗುಂಯ್‌ಗುಡುವಿಕೆಯೂ ಕೇಳುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.