ಲಾರಿ ಓಡಿಸುವವರ ಬೂಟು, ಬೆಲ್ಟು: ಮಳೆಗಾಲ ದಾಟಿಸುವುದು ಹೇಗೆ?

ಕೇಳಿದವರು:
ಹಾಸನ–ಮಂಗಳೂರು ಲೈನಿನಲ್ಲಿ ಹತ್ತು ಚಕ್ರದ ಗಾಡಿ ಓಡಿಸುತ್ತೇನೆ, ಇದು ಮೂರನೇ ವರ್ಷ. ಹೋದ ಬೇಸಿಗೆಯಲ್ಲಿ 2,400 ರೂಪಾಯಿ ಕೊಟ್ಟು ಚರ್ಮದ ಬೂಟು ತೆಗೆದುಕೊಂಡೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಮಡಚುವ ಜಾಗದಲ್ಲಿ ಬಿರುಕು ಬಿಟ್ಟಿತು. ಬೆಲ್ಟಂತೂ ಆರು ತಿಂಗಳಿಗೊಂದು, ತೂತಿನ ಹತ್ತಿರವೇ ಕಿತ್ತುಬರುತ್ತದೆ. ಪಾಲಿಶ್ ಮಾತ್ರ ಒಂದು ವಾರವೂ ತಪ್ಪಿಸಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಅನುಭವ ಇದ್ದವರು ಹೇಳಿ.

ಸಕಲೇಶಪುರದಿಂದ:
ತಮ್ಮಾ, ಒದ್ದೆ ಬೂಟನ್ನು ಎಲ್ಲಿ ಒಣಗಿಸುತ್ತೀಯಾ? ಕ್ಯಾಬಿನ್ ಒಳಗಿನ ಇಂಜಿನ್ ಬಾನೆಟ್ ಮೇಲೆ ತಾನೇ? ನಾನೂ ಅಲ್ಲೇ ಇಡುತ್ತಿದ್ದೆ. ಒಮ್ಮೆ ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿದ ಮೇಲೆ ಟಾರ್ಪಾಲ್ ಹಗ್ಗ ಬಿಚ್ಚಿಕೊಂಡಿತು. ಜುಲೈ ಮಳೆ. ಕ್ಲೀನರ್ ಹುಡುಗನೂ ನಾನೂ ಅರ್ಧ ಗಂಟೆ ಒದ್ದಾಡಿ ಕಟ್ಟಿದೆವು. ಬೂಟು ಹಿಡಿದು ಬಗ್ಗಿಸಿದರೆ ಲೋಟದಿಂದ ಸುರಿದ ಹಾಗೆ ನೀರು. ಬಿಚ್ಚಿ ಬಾನೆಟ್ ಮೇಲೆ ಇಟ್ಟೆ. ಮಂಗಳೂರಿನಲ್ಲಿ ಲೋಡು ಇಳಿಸುವ ಸರದಿ ಬಂದಾಗ ಹಾಕಿಕೊಳ್ಳಲು ಹೋದರೆ ಬೂಟು ಹಪ್ಪಳ! ಕಾಲು ಒಳಗೆ ಹೋಗಲಿಲ್ಲ. ಬಲವಂತವಾಗಿ ತುರುಕಿ ಎರಡು ಹೆಜ್ಜೆ ಇಟ್ಟೆ, ಬೆರಳಿನ ಮೇಲೆ ಗೆರೆ ಸೀಳಿತು.

ನೀರು ಚರ್ಮವನ್ನು ಅಷ್ಟಾಗಿ ಕೆಡಿಸುವುದಿಲ್ಲ. ನೀರಿನ ಹಿಂದೆಯೇ ಬರುವ ಶಾಖ ಕೆಡಿಸುತ್ತದೆ. ಹದ ಮಾಡುವಾಗಲೇ ಚರ್ಮದ ಎಳೆಗಳಿಗೆ ಎಣ್ಣೆ ಕುಡಿಸಿರುತ್ತಾರೆ, ಅದಕ್ಕೇ ಅದು ಬಾಗುವುದು. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಎಳೆಗಳು ಮುದುಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಬಗ್ಗಿಸಿದಲ್ಲೇ ಒಡೆಯುತ್ತದೆ. ಒಡೆದ ಮೇಲೆ ಯಾವ ಎಣ್ಣೆಯೂ ಅದನ್ನು ಕೂಡಿಸುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ಲೇಸು ಬಿಚ್ಚಿ, ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುಂಬುತ್ತೇನೆ. ಒಂದು ಗಂಟೆಗೆ ಆ ಪೇಪರ್ ಹಿಂಡುವಷ್ಟು ಒದ್ದೆಯಾಗಿರುತ್ತದೆ, ಬದಲಿಸುತ್ತೇನೆ. ಬೂಟನ್ನು ಮಗ್ಗುಲಾಗಿ ಮಲಗಿಸಿದರೆ ತಳಕ್ಕೂ ಗಾಳಿ ಆಡುತ್ತದೆ. ಸೀಟಿನ ಹಿಂದೆ, ಕ್ಲೀನರ್ ಕಡೆಯ ಗಾಜು ಎರಡು ಬೆರಳು ಇಳಿಸಿ. ಬಿಸಿಲಿಗೂ ಇಡುವುದಿಲ್ಲ. ಪೂರ್ತಿ ಒಣಗಲು ಎರಡು ದಿನ ಬೇಕು. ಅದಕ್ಕೇ ಎರಡು ಜೊತೆ ಇಟ್ಟಿದ್ದೇನೆ. ದುಬಾರಿ ಅನಿಸುತ್ತದೆ, ಆದರೆ ದಿನ ಬಿಟ್ಟು ದಿನ ಹಾಕಿದರೆ ಬೆವರೂ ಆರುತ್ತದೆ, ವಾಸನೆಯೂ ಕಮ್ಮಿ. ಬೂಟು ಒಣಗುತ್ತಿದೆ ಎಂದು ಹವಾಯಿ ಚಪ್ಪಲಿ ಹಾಕಿ ಘಾಟಿ ಇಳಿಯಬೇಡ ಮಾರಾಯಾ. ಜಾರಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು.

ಇನ್ನು ನಿನ್ನ ಪಾಲಿಶ್. ಡಬ್ಬಿ ಪಾಲಿಶ್ ಬಳಿದರೆ ಉಳಿಯುವುದು ಬಹುಪಾಲು ಮೇಣ ಮತ್ತು ಬಣ್ಣ. ಮೇಲೆ ಕೂತು ಹೊಳೆಯುತ್ತದೆ. ಧೂಳು ಒರೆಸದೆ ಬಳಿದರೆ ಆ ಧೂಳು ಮಡಿಕೆಯಲ್ಲಿ ಕೂತು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ಬ್ರಷ್, ಆಮೇಲೆ ಹಿಂಡಿದ ಒದ್ದೆ ಬಟ್ಟೆ, ಆರಿದ ಮೇಲೆ ಪಾಲಿಶ್. ಎರಡು ತಿಂಗಳಿಗೊಮ್ಮೆ ನಾಲ್ಕು ಹನಿ ಹರಳೆಣ್ಣೆ ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಉಜ್ಜು. ಅಂಗೈಯಲ್ಲಿ ಸುರಿದುಕೊಂಡು ಬಳಿಯಬೇಡ. ಜಾಸ್ತಿಯಾದರೆ ಚರ್ಮ ಸಡಿಲ ಬೀಳುತ್ತದೆ, ರಸ್ತೆಯ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಉಡುಪಿಯಿಂದ:
ನಮ್ಮ ಯಜಮಾನರು ಮೀನಿನ ಗಾಡಿಗೆ ಹೋಗುವವರು. ಹರಳೆಣ್ಣೆ ಸರಿ, ತೆಂಗಿನೆಣ್ಣೆ ಮಾತ್ರ ಬೇಡ. ಮನೆಯಲ್ಲಿ ಇದೆಯಲ್ಲ ಎಂದು ಸುಮ್ನೆ ಹಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದೆ. ಹದಿನೈದು ದಿನಕ್ಕೆ ಬೂಟಿನ ತುಂಬ ಹಸಿರು ಬೂಸ್ಟು, ಜೊತೆಗೆ ಹಳಸಿದ ವಾಸನೆ. ಈಗ ಬಟ್ಟೆ ಚೀಲದಲ್ಲಿ ಇಡುತ್ತೇನೆ. ಬೆವರಿನ ಬಿಳಿ ಕಲೆಗೆ ಅರ್ಧ ನೀರು, ಅರ್ಧ ವಿನೆಗರ್ ಬೆರೆಸಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಅಥಣಿ ಕಡೆಯಿಂದ:
ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ, ನಾನು ಹೇಳ್ತೀನಿ ನೋಡ್ರಿ. ಚಪ್ಪಲಿ ಕೆಲಸ ನೋಡುತ್ತಲೇ ಬೆಳೆದವನು, ಈಗ ಟ್ಯಾಂಕರ್ ಓಡಿಸುತ್ತೇನೆ. ಆರು ತಿಂಗಳಿಗೆ ಹರಿಯುವ ಬೆಲ್ಟು ಒಳಗೆಲ್ಲ ಚರ್ಮ ಇರುವುದೇ ಅನುಮಾನ. ಅಂಚನ್ನು ಉಗುರಿನಿಂದ ಕೆರೆದು ನೋಡ್ರಿ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ರಟ್ಟಿನಂಥದು ಕಂಡರೆ ಅದಕ್ಕೆ ಯಾವ ಆರೈಕೆಯೂ ದಂಡ. ಒಂದೇ ದಪ್ಪ ಪಟ್ಟಿಯಿಂದ ಕತ್ತರಿಸಿದ ಬೆಲ್ಟು ತೆಗೆದುಕೊಳ್ಳಿ. ನಮ್ಮ ಕಡೆಯ ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಬಳಸುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಜಿಐ ಗುರುತು (ಇಂಥ ಪ್ರದೇಶದ್ದೇ ಎನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಅಂಥ ಚರ್ಮದ ಪಟ್ಟಿ ಸಿಕ್ಕರೆ ವರ್ಷಗಟ್ಟಲೆ ಬರುತ್ತದೆ, ಆದರೆ ನೀರನ್ನು ಬೇಗ ಕುಡಿಯುತ್ತದೆ. ಎಣ್ಣೆ ತಪ್ಪಿಸಬಾರದು.

ಕೂತಾಗ ಹೊಟ್ಟೆ ಮುಂದೆ ಬರುತ್ತದೆ, ನನಗಂತೂ ಜಾಸ್ತಿ! ಆಗ ಎಳೆತವೆಲ್ಲ ಒಂದೇ ತೂತಿನ ಮೇಲೆ. ಸೀಟು ಹತ್ತಿದ ಕೂಡಲೇ ಒಂದು ತೂತು ಸಡಿಲಿಸಿಬಿಡಿ. ಮೊಳೆ ಹೊಡೆದು ತೂತು ಮಾಡಬೇಡಿ, ಅಲ್ಲಿಂದಲೇ ಸೀಳು ಶುರು. ಚಪ್ಪಲಿ ಹೊಲಿಯುವವರ ಹತ್ತಿರ ಪಂಚ್ ಇರುತ್ತದೆ, ಗುಂಡಗೆ ಕತ್ತರಿಸುತ್ತದೆ. ರಾತ್ರಿ ಪ್ಯಾಂಟಿನಿಂದ ತೆಗೆದು ಬಕಲ್ ಮೇಲೆ ಮಾಡಿ ನೇತುಹಾಕಿ. ಬ್ಯಾಟರಿ ಒಳಗಿನ ಆಸಿಡ್ ನೀರು ಸಿಡಿದರೆ ತಕ್ಷಣ ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ. ನಾನು ಆಮೇಲೆ ನೋಡೋಣ ಎಂದು ಬಿಟ್ಟ ಬೆಲ್ಟಿನಲ್ಲಿ ಈಗ ಕಾಸಗಲದ ಗುಳಿ ಇದೆ.

ಕೇಳಿದವರು:
ಸಕಲೇಶಪುರದ ಅಣ್ಣಾ, ಬಾನೆಟ್ ಮೇಲೇ ಇಡುತ್ತಿದ್ದೆ. ನೀವು ಹೇಳಿದ ಮೇಲೆ ಎರಡೂ ಬೂಟು ಕೈಗೆತ್ತಿಕೊಂಡು ಬಗ್ಗಿಸಿ ನೋಡಿದೆ. ಎಡಗಾಲಿನದ್ದೇ ಜಾಸ್ತಿ ಗಟ್ಟಿ. ಬಾನೆಟ್ ಪಕ್ಕದಲ್ಲೇ ಆ ಕಾಲು ಇರುವುದು, ಅಲ್ವಾ? ಇನ್ನು ಈ ಜೊತೆಯನ್ನು ಏನು ಮಾಡಲಿ?

ಸಕಲೇಶಪುರದಿಂದ:
ಎಸೆಯಬೇಡ. ಗ್ರೀಸ್ ಹೊಡೆಯುವಾಗ, ಟೈರ್ ಬದಲಿಸುವಾಗ ಹಾಕಿಕೋ. ಹೊಸದು ತೆಗೆದುಕೊಳ್ಳುವಾಗ ಅಟ್ಟೆ ಬರೀ ಅಂಟಿಸಿದ್ದಲ್ಲ, ಹೊಲಿದದ್ದು ನೋಡಿ ತಗೋ.