ಆರ್‌ಜಿಯುಎಚ್‌ಎಸ್ ಬಿಎಸ್ಸಿ ನರ್ಸಿಂಗ್, ಒಹಾಯೋದಲ್ಲಿ ಐಸಿಯು ಕೆಲಸ: ಸಿಆರ್‌ಎನ್‌ಎ (ಅನಸ್ತೇಸಿಯಾ ಕೊಡುವ ನರ್ಸ್) ಕೋರ್ಸ್‌ಗೆ ಈ ವರ್ಷವೇ ಅರ್ಜಿ ಹಾಕಬಹುದಾ?

ರಾತ್ರಿಪಾಳಿ_ಹಾಸನ

ನಮಸ್ಕಾರ. ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ) ಬಿಎಸ್ಸಿ ನರ್ಸಿಂಗ್, 2015ರಲ್ಲಿ ಪಾಸ್, ಹಳೇ ವಾರ್ಷಿಕ ಸ್ಕೀಮ್, 68 ಪರ್ಸೆಂಟ್. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಾರ್ಡಿಯಾಕ್ ಐಸಿಯು. ಇಬಿ-3ಯಲ್ಲಿ (ಕೆಲಸದ ಆಧಾರದ ಗ್ರೀನ್ ಕಾರ್ಡ್ ವೀಸಾ) ಬಂದು ಒಹಾಯೋದ ಮೆಡಿಕಲ್ ಐಸಿಯುನಲ್ಲಿ 11 ತಿಂಗಳಾಯಿತು, ವಾರಕ್ಕೆ 36 ಗಂಟೆ. ಗ್ರೀನ್ ಕಾರ್ಡ್ ಇದೆ. ಸಿಸಿಆರ್‌ಎನ್ (ಕ್ರಿಟಿಕಲ್ ಕೇರ್ ನರ್ಸ್ ಪ್ರಮಾಣಪತ್ರದ ಪರೀಕ್ಷೆ) ಇನ್ನೂ ಬರೆದಿಲ್ಲ.

ಬೆಂಗಳೂರಿನ ಅನುಭವ ಲೆಕ್ಕಕ್ಕೆ ಬರುತ್ತದಾ? ಮಾರ್ಕ್ಸ್ ಕಾರ್ಡ್ ಇವಾಲ್ಯುಯೇಶನ್ ಎಲ್ಲಿ ಮಾಡಿಸಬೇಕು, ಕೆಮಿಸ್ಟ್ರಿ ಬೇರೆ ಓದಬೇಕಾ? ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ? ಓದುವಾಗ ಕೆಲಸ ಮಾಡಬಹುದಾ?

ಪ್ರೊಪೋಫಾಲ್_ಹಾಲು

ಮೊದಲು ಕಹಿ ಸುದ್ದಿ. ಬೆಂಗಳೂರಿನ ನಾಲ್ಕು ವರ್ಷ ಕನಿಷ್ಠ ಅರ್ಹತೆಯ ಲೆಕ್ಕಕ್ಕೆ ಬರುವುದಿಲ್ಲ. ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವುದು ಸಿಒಎ. ಅದರ ನಿಯಮದ ಪ್ರಕಾರ ಕ್ರಿಟಿಕಲ್ ಕೇರ್‌ನಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು, ಅದೂ ಅಮೆರಿಕದಲ್ಲಿ, ಅದರ ಆಡಳಿತದ ಪ್ರದೇಶಗಳಲ್ಲಿ ಅಥವಾ ಅಮೆರಿಕನ್ ಸೇನೆಯ ಆಸ್ಪತ್ರೆಯಲ್ಲಿ ಆಗಿರಬೇಕು. ಕಾಲೇಜು ಮನಸ್ಸು ಮಾಡಿದರೂ ಇದನ್ನು ಸಡಿಲಿಸಲಾಗದು. ಹಾಗಂತ ಆ ನಾಲ್ಕು ವರ್ಷ ದಂಡವೇನಲ್ಲ. ರೆಸ್ಯೂಮೆಯಲ್ಲಿ, ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಅದು ನಿಮ್ಮ ಬಲ.

ಒಂದು ವರ್ಷ ಅನ್ನುವುದು ಬಾಗಿಲು ದಾಟುವಷ್ಟು ಮಾತ್ರ. ಪೈಪೋಟಿಯಲ್ಲಿರುವವರ ಬಳಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಆ ವರ್ಷ ಅರ್ಜಿ ಹಾಕುವ ದಿನಕ್ಕೆ ತುಂಬಿರಬೇಕೋ, ಕೋರ್ಸ್ ಶುರುವಾಗುವ ದಿನಕ್ಕೆ ತುಂಬಿದರೆ ಸಾಕೋ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ, ಅವರ ವೆಬ್‌ಸೈಟಿನಲ್ಲಿ ಅಕ್ಷರ ಅಕ್ಷರ ಓದಿ. ಎಮರ್ಜೆನ್ಸಿ, ಪಿಎಸಿಯು (ಸರ್ಜರಿ ಆದ ತಕ್ಷಣ ನೋಡಿಕೊಳ್ಳುವ ವಾರ್ಡ್), ಆಪರೇಶನ್ ಥಿಯೇಟರ್ ಅನುಭವವನ್ನು ಐಸಿಯುಗೆ ಸಮ ಅಂತ ಬಹಳ ಕಾಲೇಜುಗಳು ಒಪ್ಪುವುದಿಲ್ಲ. ವೆಂಟಿಲೇಟರ್, ಆರ್ಟ್ ಲೈನ್ (ಧಮನಿಯೊಳಗಿಂದ ಬಿಪಿ ಅಳೆಯುವ ಕೊಳವೆ), ವ್ಯಾಸೋಪ್ರೆಸರ್ (ಬಿಪಿ ಏರಿಸುವ ಔಷಧಿ) ಡ್ರಿಪ್ ದಿನನಿತ್ಯ ನಿಮ್ಮ ಕೈಯಲ್ಲಿ ಇದೆಯಾ ಅನ್ನುವುದನ್ನೇ ಅವರು ನೋಡುವುದು. ನಿಮ್ಮ ಯೂನಿಟ್‌ನಲ್ಲಿ ಸ್ಟೆಪ್‌ಡೌನ್ ಥರದ (ಐಸಿಯುನಷ್ಟು ಗಂಭೀರವಲ್ಲದ) ರೋಗಿಗಳೇ ಜಾಸ್ತಿ ಇದ್ದರೆ ಸಿವಿಐಸಿಯು (ಹೃದಯ, ರಕ್ತನಾಳದ ಐಸಿಯು) ಅಥವಾ ಸರ್ಜಿಕಲ್ ಐಸಿಯುಗೆ ಬದಲಾಯಿಸಿಕೊಳ್ಳುವುದು ವಾಸಿ.

ಸಿಸಿಆರ್‌ಎನ್‌ಗೆ ಎರಡು ವರ್ಷದಲ್ಲಿ 1,750 ಗಂಟೆ ಬೇಕು, ಅದರಲ್ಲಿ 875 ಇತ್ತೀಚಿನ ಒಂದು ವರ್ಷದೊಳಗಿನದ್ದು. ವಾರಕ್ಕೆ 36ರಂತೆ 49 ವಾರಕ್ಕೆ 1,764 ಆಗುತ್ತದೆ. ರಜೆ ಕಳೆದರೆ ನಿಮಗೆ ಇನ್ನು ಎರಡು ಮೂರು ತಿಂಗಳು. ಪರೀಕ್ಷೆ 3 ಗಂಟೆ, 150 ಪ್ರಶ್ನೆ, ಅಂಕಕ್ಕೆ ಬರುವುದು 125. ‘ಬರೆಯಲಿದ್ದೇನೆ’ ಅಂತ ಅರ್ಜಿಯಲ್ಲಿ ಹಾಕುವುದಕ್ಕೂ ಪಾಸಾಗಿ ಹಾಕುವುದಕ್ಕೂ ಅಜಗಜಾಂತರ.

ನನ್ನ ಕೇಳಿದರೆ ಈ ವರ್ಷ ಬೇಡ. ಕಾರಣ ಐಸಿಯು ಅಲ್ಲ, ನಿಮ್ಮ ಟ್ರಾನ್ಸ್‌ಕ್ರಿಪ್ಟು. ಅದರ ಬಗ್ಗೆ ಬೇರೆಯವರು ಬರೆಯಲಿ.

ಅಂಕಪಟ್ಟಿ_ಅಕ್ಕ

ಟ್ರಾನ್ಸ್‌ಕ್ರಿಪ್ಟ್ ವಿಷಯ ನನಗಿರಲಿ.

ಹಳೇ ಐಎನ್‌ಸಿ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ಸಿಲಬಸ್ ಎದುರಿಗಿಟ್ಟುಕೊಳ್ಳಿ. ಅನಾಟಮಿ 60 ಗಂಟೆ, ಫಿಸಿಯಾಲಜಿ 60, ಮೈಕ್ರೋಬಯಾಲಜಿ 60. ಬಯೋಕೆಮಿಸ್ಟ್ರಿ ಬರೀ 30, ಅದೂ ನ್ಯೂಟ್ರಿಶನ್ ಜೊತೆ ಒಂದೇ ಪೇಪರ್. ರಿಸರ್ಚು, ಸ್ಟ್ಯಾಟಿಸ್ಟಿಕ್ಸು ಸೇರಿ 45. ಇಲ್ಲಿ ತರಗತಿ ಪಾಠದ ಸುಮಾರು 15 ಗಂಟೆಗೆ ಒಂದು ಸೆಮಿಸ್ಟರ್ ಕ್ರೆಡಿಟ್. ಅಂದರೆ ನಿಮ್ಮ ಬಯೋಕೆಮಿಸ್ಟ್ರಿ ಸುಮಾರು 2 ಕ್ರೆಡಿಟ್. ಕಾಲೇಜು ಕೇಳುವುದು 3, ಲ್ಯಾಬ್ ಸೇರಿದರೆ 4. ಸ್ಟ್ಯಾಟಿಸ್ಟಿಕ್ಸ್ ಪ್ರತ್ಯೇಕವಾಗಿ ಕಾಣುವುದೇ ಇಲ್ಲ. ಜನರಲ್ ಕೆಮಿಸ್ಟ್ರಿಯಂತೂ ಸೊನ್ನೆ. ‘ಪಿಯುಸಿಯಲ್ಲಿ ಓದಿದ್ದೆ’ ಅಂದರೆ ನಡೆಯಲ್ಲ, ಪಿಯುಸಿ ಇಲ್ಲಿನವರ ಕಣ್ಣಿಗೆ ಹೈಸ್ಕೂಲು.

ಇದರ ಮೇಲೆ ಇನ್ನೊಂದು ಪೆಟ್ಟು: ವಿಜ್ಞಾನದ ವಿಷಯಗಳನ್ನು ಇಂತಿಷ್ಟು ವರ್ಷದೊಳಗೆ ಓದಿರಬೇಕು ಅಂತ ಅನೇಕ ಕಡೆ ನಿಯಮ ಇದೆ, 5 ಅಥವಾ 10 ವರ್ಷ. ನಿಮ್ಮ ಮೊದಲ ವರ್ಷದ ಅನಾಟಮಿ 2011–12ರದ್ದು. ಎರಡೂ ಲೆಕ್ಕದಲ್ಲಿ ಹಳಸಿದೆ.

ಆದ್ದರಿಂದ ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ 3 ಕ್ರೆಡಿಟ್, ಲ್ಯಾಬ್ ಸಮೇತ ಕೆಮಿಸ್ಟ್ರಿ 4 ಕ್ರೆಡಿಟ್. ಆಮೇಲೆ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಗ್ರಾಜುಯೇಟ್ ಮಟ್ಟದ ಪ್ಯಾಥೋಫಿಸಿಯಾಲಜಿ ಅಥವಾ ಫಾರ್ಮಕಾಲಜಿ ಒಂದು. ಇಲ್ಲಿನ ನೆಲದಲ್ಲಿ ಪಡೆದ ಮೂರು ‘ಎ’ ಗ್ರೇಡು ನಿಮ್ಮ 68 ಪರ್ಸೆಂಟನ್ನು ಮರೆಸುತ್ತದೆ. ಒಂದು ಟರ್ಮಿಗೆ ಒಂದೇ ವಿಷಯ ತಗೊಳ್ಳಿ. ನೈಟ್ ಮಾಡಿಕೊಂಡು ಎರಡು ತಗೊಂಡು ‘ಬಿ’ ಬಂದರೆ ಮಾಡಿದ ಉದ್ದೇಶವೇ ಕೆಡುತ್ತದೆ. ನರ್ಸಿಂಗ್‌ಕ್ಯಾಸ್ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಮೂಲಕ ಹೋಗುವ ಅರ್ಜಿಯಲ್ಲಿ ಮತ್ತೆ ಓದಿದ ವಿಷಯದ ಹಳೇ ಗ್ರೇಡೂ ಸರಾಸರಿಗೆ ಸೇರುತ್ತದೆ, ಅಳಿಸಿಹೋಗಲ್ಲ. ಆನ್‌ಲೈನ್ ಲ್ಯಾಬ್ ಒಪ್ಪುತ್ತೀರಾ ಅಂತ ದುಡ್ಡು ಕಟ್ಟುವ ಮುಂಚೆ ಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ.

ಇವಾಲ್ಯುಯೇಶನ್: ವಿಷಯವಾರು ವರದಿಯೇ ಬೇಕು, ‘ಇದು ಬ್ಯಾಚುಲರ್ಸ್‌ಗೆ ಸಮ’ ಅನ್ನುವ ಒಂದು ಸಾಲಿನ ವರದಿ ಸಾಲದು. ವಿದೇಶಿ ನರ್ಸ್‌ಗಳ ದಾಖಲೆ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್‌ಗೆ ಈಗ ಟ್ರೂಮೆರಿಟ್ ಅಂತ ಹೆಸರು. ವೀಸಾಸ್ಕ್ರೀನ್‌ಗೆ (ನರ್ಸ್ ವೀಸಾಗೆ ಬೇಕಾದ ಪ್ರಮಾಣಪತ್ರ) ನಿಮ್ಮ ದಾಖಲೆ ಅಲ್ಲಿ ಆಗಲೇ ಇರುತ್ತದೆ, ಅದೇ ಫೈಲಿನಿಂದ ಸಿಇಎಸ್ (ಅವರ ಇವಾಲ್ಯುಯೇಶನ್) ವರದಿ ಕೇಳಿ ನೋಡಿ. ಕೆಲವು ಕಾಲೇಜುಗಳಿಗೆ ಡಬ್ಲ್ಯುಇಎಸ್ (ಇನ್ನೊಂದು ಇವಾಲ್ಯುಯೇಶನ್ ಸಂಸ್ಥೆ) ವರದಿ ಬೇಕು, ಆಗ ವಿಶ್ವವಿದ್ಯಾಲಯದಿಂದ ಮತ್ತೆ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕು. ಊರಲ್ಲಿ ಓಡಾಡುವವರು ಒಬ್ಬರು ಇದ್ದರೆ ಒಳ್ಳೆಯದು. ಇನ್ನೂ ಕೆಲವು ಕಾಲೇಜುಗಳು ಅಮೆರಿಕದ ಮಾನ್ಯತೆಯ ಬಿಎಸ್‌ಎನ್ (ನರ್ಸಿಂಗ್ ಪದವಿ) ಇಲ್ಲದಿದ್ದರೆ ತೆಗೆದುಕೊಳ್ಳುವುದೇ ಇಲ್ಲ. ಮೊದಲು ಈ ಒಂದು ಪ್ರಶ್ನೆಯಿಂದಲೇ ಪಟ್ಟಿಯನ್ನು ಜಾಲಿಸಿ.

ಮತ್ತೆ ನಮ್ಮವರ ಹಳೇ ಕಾಯಿಲೆ, ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಎಚ್.ಎನ್.’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತೆ. ಅರ್ಜಿಯಲ್ಲಿ ಇತರೆ ಹೆಸರುಗಳ ಜಾಗದಲ್ಲಿ ಎರಡೂ ರೂಪ ಹಾಕಿ. ಇಲ್ಲದಿದ್ದರೆ ಟ್ರಾನ್ಸ್‌ಕ್ರಿಪ್ಟು ಒಬ್ಬರದ್ದು, ಅರ್ಜಿ ಇನ್ನೊಬ್ಬರದ್ದು ಅಂತ ಕೂತುಬಿಡುತ್ತದೆ.

ಎಸ್‌ವಿಆರ್_800

ಇಂಟರ್‌ವ್ಯೂ. ಕೆಲವು ಕಡೆ ಪೂರ್ತಿ ಕ್ಲಿನಿಕಲ್, ಕೆಲವು ಕಡೆ ಬರೀ ಸ್ವಭಾವ ಅಳೆಯುವ ಪ್ರಶ್ನೆ. ಎರಡಕ್ಕೂ ತಯಾರಾಗಿ.

ಕ್ಲಿನಿಕಲ್ ಭಾಗದಲ್ಲಿ ಡೋಸ್ ಒಪ್ಪಿಸಿದರೆ ಸಾಲದು, ‘ಯಾಕೆ’ ಅನ್ನುವುದು ಬೇಕು. ಬಿಪಿ ಏರಿಸುವ ಫಿನೈಲೆಫ್ರಿನ್ ಕೊಟ್ಟರೆ ಹಾರ್ಟ್ ರೇಟ್ ಯಾಕೆ ಇಳಿಯಿತು? ಅದು ಕೆಲಸ ಮಾಡುವುದು ರಕ್ತನಾಳ ಬಿಗಿಮಾಡುವ ಆಲ್ಫಾ-1 ರಿಸೆಪ್ಟರ್ ಮೇಲೆ ಮಾತ್ರ. ಬಿಪಿ ಏರಿದ್ದನ್ನು ಬ್ಯಾರೋರಿಸೆಪ್ಟರ್ ಕಂಡು ವೇಗಸ್ ನರದ ಮೂಲಕ ಹೃದಯವನ್ನು ನಿಧಾನ ಮಾಡುತ್ತದೆ. ನಾರ್‌ಎಪಿನೆಫ್ರಿನ್‌ನಲ್ಲಿ ಹೃದಯದ ವೇಗ ಹೆಚ್ಚಿಸುವ ಬೀಟಾ-1 ಪರಿಣಾಮ ಸ್ವಲ್ಪ ಇರುವುದರಿಂದ ಅಷ್ಟು ಇಳಿಯುವುದಿಲ್ಲ. ಮಿಲ್ರಿನೋನ್ ಹಾಕಿದ ಮೇಲೆ ಬಿಪಿ ಯಾಕೆ ಕುಸಿಯಿತು? ಪಿಡಿಇ-3 ಅನ್ನುವ ಎಂಜೈಮನ್ನು ತಡೆದಾಗ ಹೃದಯ ಬಲವಾಗಿ ಮಿಡಿಯುತ್ತದೆ, ಆದರೆ ರಕ್ತನಾಳ ಸಡಿಲವಾಗುತ್ತದೆ. ಕಿಡ್ನಿ ಕೆಟ್ಟಿದ್ದರೆ ಔಷಧಿ ಒಳಗೇ ಉಳಿಯುತ್ತದೆ.

ಎಆರ್‌ಡಿಎಸ್‌ನಲ್ಲಿ (ತೀವ್ರ ಶ್ವಾಸಕೋಶ ವೈಫಲ್ಯ) ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡುವ ಗಾಳಿ) ಕಿಲೋಗೆ 6 ಎಂಎಲ್ ಅಂತ ಎಲ್ಲರೂ ಹೇಳುತ್ತಾರೆ. ಎಡವುವುದು ತೂಕದಲ್ಲಿ. ಹಾಸಿಗೆ ತೋರಿಸುವ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. 160 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಅದು ಸುಮಾರು 52 ಕಿಲೋ, ಅಂದರೆ 315 ಎಂಎಲ್ ಆಸುಪಾಸು. ಆಕೆ 90 ಕಿಲೋ ಇದ್ದಾರೆ ಅಂತ 540 ಕೊಟ್ಟರೆ ಶ್ವಾಸಕೋಶಕ್ಕೇ ಹಾನಿ.

ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯರಲ್ಲಿ ಪೊಟ್ಯಾಶಿಯಂ ಸುಮಾರು 0.5 ಏರುತ್ತದೆ, ಅಷ್ಟೇ. ಸುಟ್ಟಗಾಯವಾಗಿ ಒಂದೆರಡು ದಿನ ಕಳೆದವರಲ್ಲಿ, ವಾರಗಟ್ಟಲೆ ಮಲಗಿದ್ದವರಲ್ಲಿ ಸ್ನಾಯುವಿನ ಮೇಲೆಲ್ಲ ರಿಸೆಪ್ಟರ್ ಹರಡಿಕೊಂಡಿರುತ್ತದೆ, ಏರಿಕೆ ಹೃದಯ ನಿಲ್ಲಿಸುವಷ್ಟಾಗಬಹುದು.

ಗೊತ್ತಿಲ್ಲದ್ದನ್ನು ಊಹಿಸಿ ತಿರುಚಬೇಡಿ. ‘ಗೊತ್ತಿಲ್ಲ, ನೋಡಿಕೊಳ್ಳುತ್ತೇನೆ’ ಅಂದವರನ್ನು ಕೈಬಿಡುವುದಿಲ್ಲ, ಸುಳ್ಳು ಧೈರ್ಯ ತೋರಿಸಿದವರನ್ನು ಬಿಡುತ್ತಾರೆ. ಥಿಯೇಟರಿನಲ್ಲಿ ಅಪಾಯ ಯಾವುದು ಅಂತ ಅವರಿಗೆ ಗೊತ್ತು.

‘ಎನ್‌ಪಿ (ನರ್ಸ್ ಪ್ರಾಕ್ಟಿಷನರ್) ಯಾಕಲ್ಲ?’ ಅನ್ನುವುದಕ್ಕೆ ಸಂಬಳದ ಉತ್ತರ ಬೇಡ. ಇದಕ್ಕೆ ಮದ್ದು ಶ್ಯಾಡೋಯಿಂಗ್ (ಸಿಆರ್‌ಎನ್‌ಎ ಜೊತೆಗಿದ್ದು ಕೆಲಸ ನೋಡುವುದು), ಕನಿಷ್ಠ ಎರಡು ಮೂರು ದಿನ, ಸಾಧ್ಯವಾದರೆ ಬೇರೆ ಬೇರೆ ಬಗೆಯ ಸರ್ಜರಿ. ನಿಮ್ಮ ಆಸ್ಪತ್ರೆಯ ಚೀಫ್ ಸಿಆರ್‌ಎನ್‌ಎಗೆ ಮೇಲ್ ಮಾಡಿ, ದಿನಾಂಕ, ಗಂಟೆ, ಸಹಿ ಕಾಗದದ ಮೇಲೆ ಇರಲಿ. ರೋಗಿಯ ವಿವರ ಮಾತ್ರ ಎಲ್ಲೂ ಬರೆದಿಡಬೇಡಿ.

ಶಿಫಾರಸು ಪತ್ರ: ‘ನೇರ ಮೇಲಧಿಕಾರಿ’ ಅಂತಿದ್ದರೆ ನರ್ಸ್ ಮ್ಯಾನೇಜರೇ ಆಗಬೇಕು. ಚಾರ್ಜ್ ನರ್ಸ್ ಎಷ್ಟೇ ಆತ್ಮೀಯರಾದರೂ ನಡೆಯಲ್ಲ.

ಪ್ರೊಪೋಫಾಲ್_ಹಾಲು

ಕೆಲಸದ ಪ್ರಶ್ನೆ ಉಳಿದಿತ್ತು. 2022ರ ಜನವರಿಯಿಂದ ಸೇರುವವರೆಲ್ಲ ಡಾಕ್ಟರೇಟ್ ಮಟ್ಟಕ್ಕೇ, ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಅಥವಾ ಡಿಎನ್‌ಎಪಿ (ನರ್ಸ್ ಅನಸ್ತೇಸಿಯಾ ಡಾಕ್ಟರೇಟ್), ಕನಿಷ್ಠ 36 ತಿಂಗಳು. ಕ್ಲಿನಿಕಲ್ ಮಾತ್ರವೇ 2,000 ಗಂಟೆಗೆ ಕಡಿಮೆಯಿಲ್ಲ. ಕ್ಲಿನಿಕಲ್ ಶುರುವಾದ ಮೇಲೆ ಕೆಲಸದ ಮಾತೇ ಬೇಡ, ಅನೇಕ ಕಾಲೇಜುಗಳು ಕೈಪಿಡಿಯಲ್ಲೇ ಬೇಡ ಅನ್ನುತ್ತವೆ. ಅಂದರೆ ಮೂರು ವರ್ಷ ಸಂಬಳವಿಲ್ಲ, ಕೆಲಸದ ಇನ್ಶೂರೆನ್ಸೂ ಇಲ್ಲ.

ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ಫೆಡರಲ್ ಸಾಲ ಸಿಗುತ್ತದೆ, ಎಚ್-1ಬಿ, ಎಚ್-4 ವೀಸಾದವರಿಗೆ ಅದೂ ಇಲ್ಲ. ಆದರೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರ್ಯಾಡ್ ಪ್ಲಸ್ (ಗ್ರಾಜುಯೇಟ್ ವಿದ್ಯಾರ್ಥಿಗಳ ಹೆಚ್ಚುವರಿ ಫೆಡರಲ್ ಸಾಲ) ಮುಚ್ಚಿದೆ. ಗ್ರಾಜುಯೇಟ್ ವಿದ್ಯಾರ್ಥಿಗಳ ಸಾಮಾನ್ಯ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000. ಫೀಸು, ಬಾಡಿಗೆ ಸೇರಿಸಿದರೆ ಇದು ಬಹಳ ಕಡೆ ಸಾಲುವುದಿಲ್ಲ. ಉಳಿದದ್ದಕ್ಕೆ ಖಾಸಗಿ ಸಾಲ ಅಥವಾ ಉಳಿತಾಯ. ಊರಿಗೆ ಪ್ರತಿ ತಿಂಗಳು ದುಡ್ಡು ಕಳಿಸುತ್ತಿದ್ದರೆ ಮನೆಯವರ ಹತ್ತಿರ ಈಗಲೇ ಮಾತಾಡಿ.

ರಾತ್ರಿಪಾಳಿ_ಹಾಸನ

ತುಂಬಾ ಥ್ಯಾಂಕ್ಸ್. ಬೇಸಿಗೆ ಟರ್ಮಿಗೆ ಸ್ಟ್ಯಾಟಿಸ್ಟಿಕ್ಸ್ ಹಾಕುತ್ತೇನೆ, ಸಿಸಿಆರ್‌ಎನ್ ಆದಮೇಲೆ ಕೆಮಿಸ್ಟ್ರಿ. ಒಂದು ಮರೆತಿದ್ದೆ: ಸ್ಪಾನ್ಸರ್ ಮಾಡಿದ ಏಜೆನ್ಸಿ ಜೊತೆ ಮೂರು ವರ್ಷದ ಕಾಂಟ್ರಾಕ್ಟ್ ಇದೆ.

ಅಂಕಪಟ್ಟಿ_ಅಕ್ಕ

ಅದನ್ನೇ ಮೊದಲು ಹೇಳಬೇಕಿತ್ತು ಸಿಸ್ಟರ್! ಕಾಂಟ್ರಾಕ್ಟಿನಲ್ಲಿ ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ಕಳೆದ ತಿಂಗಳುಗಳಿಗೆ ತಕ್ಕಂತೆ ಅದು ಇಳಿಯುತ್ತದಾ, ಗಂಟೆಗಳ ಲೆಕ್ಕವೋ ತಿಂಗಳ ಲೆಕ್ಕವೋ ನೋಡಿ, ಇಮಿಗ್ರೇಶನ್ ವಕೀಲರಿಗೂ ಒಮ್ಮೆ ತೋರಿಸಿ. ಅರ್ಜಿಯಿಂದ ತರಗತಿ ಶುರುವಾಗುವವರೆಗೆ ಹೇಗೂ ಒಂದು ವರ್ಷದ ಹತ್ತಿರ ಹಿಡಿಯುತ್ತದೆ. ಕಾಂಟ್ರಾಕ್ಟ್ ಮುಗಿಯುವ ತಿಂಗಳಿಂದ ಹಿಂದಕ್ಕೆ ಎಣಿಸಿದರೆ ನಿಮಗೆ ಅರ್ಜಿ ಹಾಕುವ ವರ್ಷ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಅದು ಮುಂದಿನ ವರ್ಷದ ಬೇಸಿಗೆ.