ಸಹಾಯ ಬೇಕು: ಮಾಲ್ಟಾದಲ್ಲಿ ಕ್ರೂಸ್ ನಿಲ್ಲೋ ದಿನ ಗೋಜೊಗೆ ಹೋಗಿ ಬರೋಕಾಗುತ್ತಾ?
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ ಕ್ರೂಸ್ ವ್ಯಾಲೆಟ್ಟಾದಲ್ಲಿ ಒಂದು ದಿನ ನಿಲ್ಲುತ್ತೆ, ಬೆಳಿಗ್ಗೆ 8ಕ್ಕೆ ಇಳಿದ್ರೆ ಸಂಜೆ 4:30ರೊಳಗೆ ವಾಪಸ್ ಹಡಗಲ್ಲಿ ಇರ್ಬೇಕು. ಜೊತೆಗೆ ಅಮ್ಮ ಇದಾರೆ, ಮಂಡಿನೋವು, ಆದ್ರೂ ಗೋಜೊ ದ್ವೀಪದ ಕೋಟೆ ನೋಡ್ಲೇಬೇಕು ಅಂತ ಹಟ. ಹಡಗಿನವರ ಟೂರ್ ರೇಟ್ ಕೇಳಿ ತಲೆ ತಿರುಗ್ತು, ಅದಕ್ಕೆ ನಾವೇ ಹೋಗೋಣ ಅಂತ.

ಹೋಗೋದೇನೋ ಸುಲಭ. ಬಂದರಿನ ಹತ್ರದಿಂದಲೇ ಫಾಸ್ಟ್ ಫೆರ್ರಿ ಇದೆ, ಮುಕ್ಕಾಲು ಗಂಟೆಲಿ ಗೋಜೊದ ಇಮ್ಜಾರ್, ಅಲ್ಲಿಂದ 301 ಬಸ್ಸಲ್ಲಿ ಕೋಟೆ ಇರೋ ವಿಕ್ಟೋರಿಯಾ ಊರು. ಆದ್ರೆ ಗಾಳಿ ಜೋರಾದ್ರೆ ಫಾಸ್ಟ್ ಫೆರ್ರಿನ ನಿಲ್ಲಿಸ್ಬಿಡ್ತಾರಂತೆ, ಆಗ ಕಾರು ಲಾರಿ ಎಲ್ಲ ಹತ್ತಿಸ್ಕೊಳ್ಳೋ ದೊಡ್ಡ ಫೆರ್ರಿಲಿ ಮಾಲ್ಟಾದ ಉತ್ತರ ತುದಿಲಿರೋ ಚಿರ್ಕೆವ್ವಾ ಬಂದರಿಗೆ ಬರ್ಬೇಕು. ಅದು 25 ನಿಮಿಷ ಅಷ್ಟೇ, ಟಿಕೆಟ್ಟೂ ವಾಪಸ್ ಬರುವಾಗ ಮಾತ್ರ ತಗೊಳ್ಳೋದಂತೆ (ಇದು ನಂಗೆ ಭಾರಿ ಇಷ್ಟ ಆಯ್ತು, ಹೋಗೋರನ್ನ ಕೇಳೋದೇ ಇಲ್ಲ!). ತೊಂದ್ರೆ ಇರೋದು ಆಮೇಲೆ. ಚಿರ್ಕೆವ್ವಾದಿಂದ ವ್ಯಾಲೆಟ್ಟಾಗೆ 41 ಇಲ್ಲಾ 42 ಬಸ್ಸು, ಆ್ಯಪಲ್ಲಿ ನೋಡಿದ್ರೆ ಒಂದ್ಸಲ ಒಂದೂಕಾಲು ಗಂಟೆ ಅನ್ನುತ್ತೆ ಇನ್ನೊಂದ್ಸಲ ಜಾಸ್ತಿ ತೋರಿಸುತ್ತೆ, ಸ್ಟಾಂಡಲ್ಲಿ ಇಳಿದ ಮೇಲೆ ಬರಾಕಾ ಲಿಫ್ಟ್ ತನಕ ನಡೆದು ಬಂದರಿಗೆ ಇಳೀಬೇಕು ಬೇರೆ. ತಡ ಆದ್ರೆ ಹಡಗೇನು ನಮಗೋಸ್ಕರ ಕಾಯುತ್ತಾ?

ಫಾಸ್ಟ್ ಫೆರ್ರಿ ಕೈಕೊಟ್ರೆ ಈ ಬಸ್ ದಾರಿ ನಂಬ್ಕೊಂಡು ಇಮ್ಜಾರ್ ಬಂದರನ್ನ ಮಧ್ಯಾಹ್ನ ಎಷ್ಟು ಗಂಟೆಗೆ ಬಿಡ್ಬೇಕು, 12:30 ಸಾಕಾ ಇನ್ನೂ ಮುಂಚೆನಾ? ಹೋಗಿ ಬಂದೋರು ದಯವಿಟ್ಟು ಹೇಳಿ.